“ಆ ಹೆಸರಾ? ಬೇಡಪ್ಪಾ!” – ಮಗುವಿನ ಹೆಸರಿಗೆ ಅಂಟಿಕೊಂಡ ಕೆಟ್ಟ ನೆನಪುಗಳು

ಏಳನೇ_ತಿಂಗಳು

ಎಲ್ಲರಿಗೂ ನಮಸ್ಕಾರ. ಹೆರಿಗೆ ಹತ್ತಿರ ಬರುತ್ತಿದೆ, ಹೆಸರು ಮಾತ್ರ ಇನ್ನೂ ತೀರ್ಮಾನ ಆಗಿಲ್ಲ. ನಾನು ಯಾವ ಹೆಸರು ಹೇಳಿದರೂ ಮನೆಯಲ್ಲಿ ಒಬ್ಬರಲ್ಲ ಒಬ್ಬರು ಮುಖ ಹುಳ್ಳಗೆ ಮಾಡುತ್ತಾರೆ.

ತಾರಾ ಅಂದೆ. “ವಾಲಿ ಸತ್ತ ಮೇಲೆ ಸುಗ್ರೀವನ ಜೊತೆ ಇದ್ದವಳು” ಅಂದರು ಅತ್ತೆ. ಮೋಹಿನಿ ಅಂದೆ. ಮೈದುನ ಬಿಳಿ ಸೀರೆ, ತಿರುಗಿದ ಪಾದ ಅಂತ ನಗಾಡಿದ. ಸಿರಿ ಅಂದೆ. ನಮ್ಮ ಯಜಮಾನರು ಫೋನ್ ಎತ್ತಿಕೊಂಡು “ಹೇ ಸಿರಿ, ನಾಳೆ ಮಳೆ ಬರುತ್ತಾ?” ಅಂದರು. ಗಂಡು ಮಗು ಆದರೆ ಇಂದ್ರಜಿತ್ ಅಂತ ಅಂದುಕೊಂಡಿದ್ದೆ. ಅದಕ್ಕೆ “ರಾವಣನ ಮಗ” ಅಂತ ಬಂತು.

ನನಗೆ ಎಲ್ಲಕ್ಕಿಂತ ಇಷ್ಟ ಅಹಲ್ಯಾ. ಅದಕ್ಕೆ ಯಜಮಾನರನ್ನು ಬಿಟ್ಟರೆ ಇಡೀ ಮನೆಯದು ಒಂದೇ ಮಾತು. ಕಲ್ಲಾದವಳ ಹೆಸರು ಯಾಕೆ?

ನೀವೇ ಹೇಳಿ. ಇದರಲ್ಲಿ ಯಾವುದು ನಿಜವಾಗಲೂ ಮಗುವಿಗೆ ತೊಂದರೆ ಕೊಡುತ್ತದೆ, ಯಾವುದು ಬರೀ ದೊಡ್ಡವರ ತಲೆಯಲ್ಲಿ ಇರೋದು?

ಹಳೇ_ಓದುಗ

ಅಹಲ್ಯೆ ಕಲ್ಲಾದಳು ಅನ್ನೋದು ಎಲ್ಲರಿಗೂ ಗೊತ್ತಿರುವ ಕಥೆ. ಆದರೆ ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ಅವಳು ಕಲ್ಲಾಗುವುದೇ ಇಲ್ಲ. ಯಾರ ಕಣ್ಣಿಗೂ ಕಾಣದೆ, ಗಾಳಿಯನ್ನೇ ಆಹಾರ ಮಾಡಿಕೊಂಡು, ಬೂದಿಯ ಮೇಲೆ ಮಲಗಿ ತಪಸ್ಸು ಮಾಡು ಅಂತ ಗೌತಮ ಶಾಪ ಕೊಡುತ್ತಾನೆ. ಕಲ್ಲಿನ ಕಥೆ ಆಮೇಲಿನವರದು. ಇನ್ನೊಂದು ವಿಷಯ. ಅಲ್ಲಿ ಅಹಲ್ಯೆ ರಾಮನ ಕಾಲಿಗೆ ಬೀಳುವುದಿಲ್ಲ. ರಾಮ ಲಕ್ಷ್ಮಣರೇ ಮೊದಲು ಅವಳ ಕಾಲು ಮುಟ್ಟುತ್ತಾರೆ. ನಿಮ್ಮ ಅತ್ತೆಯವರಿಗೆ ಇದನ್ನು ಹೇಳಿ ನೋಡಿ.

ಅದೂ ಅಲ್ಲದೆ ಬೆಳಗ್ಗೆ ನೆನೆಯಬೇಕಾದ ಐದು ಜನ ಹೆಣ್ಣುಮಕ್ಕಳ ಶ್ಲೋಕದಲ್ಲಿ ಮೊದಲ ಹೆಸರೇ ಅಹಲ್ಯೆಯದು. ನಂತರ ದ್ರೌಪದಿ, ಸೀತೆ (ಕೆಲವರು ಕುಂತಿ ಅನ್ನುತ್ತಾರೆ), ತಾರೆ, ಮಂಡೋದರಿ. ನೆನೆದರೆ ಪಾಪ ಹೋಗುತ್ತದೆ ಅನ್ನುವ ಹೆಸರನ್ನೇ ಮಗುವಿಗೆ ಇಡಬಾರದು ಅಂದರೆ ಹೇಗೆ? ತಾರಾ ಕೂಡ ಅದರಲ್ಲೇ ಇದ್ದಾಳೆ ನೋಡಿ.

ಸುಮ್ನೆ_ಕೇಳ್ದೆ

ಹಳೇ ಓದುಗರೇ, ಅದೇ ಬಾಲಕಾಂಡದಲ್ಲಿ ಬಂದವನು ಇಂದ್ರ ಅಂತ ಗೊತ್ತಿದ್ದೂ ಒಪ್ಪಿದಳು ಅಂತಲೂ ಇದೆ. ಅದನ್ನು ಬಿಟ್ಟುಬಿಟ್ಟಿರಲ್ಲ.

ಹಳೇ_ಓದುಗ

ಇದೆ. ಬೇರೆ ಕಡೆ ಅವಳಿಗೆ ಗೊತ್ತೇ ಇರಲಿಲ್ಲ ಅಂತಲೂ ಇದೆ. ಒಂದು ಕಥೆಯನ್ನು ನೂರು ಜನ ನೂರು ಥರ ಹೇಳಿರುವಾಗ ಅತ್ತೆಯವರು ಒಂದನ್ನು ಹಿಡಿದುಕೊಂಡರೆ ಸೊಸೆ ಇನ್ನೊಂದನ್ನು ಹಿಡಿದುಕೊಳ್ಳಲಿ ಬಿಡಿ.

ನೇರಮಾತು

ನೀವಿಬ್ಬರೂ ಕಾಂಡ, ಸರ್ಗ ಅಂತ ಕೂತಿರಿ. ಶಾಲೆಯಲ್ಲಿ ಯಾವ ಮಗು ಬಾಲಕಾಂಡ ಓದಿರುತ್ತದೆ?

ನನ್ನ ಪ್ರಕಾರ ನೋಡಬೇಕಾದ್ದು ಒಂದೇ. ಆ ಹೆಸರನ್ನು ಜನ ಬೈಗುಳವಾಗಿ ಬಳಸುತ್ತಾರಾ? ಶಕುನಿ, ಮಂಥರೆ, ಶೂರ್ಪನಖಿ, ಕುಂಭಕರ್ಣ, ಬಕಾಸುರ. ಇವು ಈಗ ಹೆಸರುಗಳಾಗಿ ಉಳಿದಿಲ್ಲ. ಜಾಸ್ತಿ ನಿದ್ದೆ ಮಾಡಿದರೆ ಕುಂಭಕರ್ಣ, ಜಾಸ್ತಿ ತಿಂದರೆ ಬಕಾಸುರ, ಮನೆ ಮುರಿದರೆ ಶಕುನಿ. ದಿನಾ ಬಾಯಲ್ಲಿ ಓಡಾಡುವ ಮಾತು. ನಾರದ ದೊಡ್ಡ ಋಷಿ, ದೈವಭಕ್ತ. ಆದರೂ ಚಾಡಿ ಹೇಳುವವನಿಗೆ ಆ ಹೆಸರು ಅಂಟಿತು, ಅಲ್ಲಿಗೆ ಮುಗಿಯಿತು. ವಿಭೀಷಣ ಧರ್ಮದ ಕಡೆ ಹೋದವನು. ಅವನನ್ನು ಹೊಗಳುವವರೂ ಮಗನಿಗೆ ಆ ಹೆಸರು ಇಡುವುದಿಲ್ಲ. ಪಂಪನಂಥ ಕವಿಯೇ ದುರ್ಯೋಧನನ ಛಲವನ್ನು ಹೊಗಳಿದ್ದಾನೆ. ಅದರಿಂದ ಆ ಹೆಸರಿಗೆ ಏನಾದರೂ ಲಾಭ ಆಯಿತಾ? ಆಗಲಿಲ್ಲ.

ಇಂದ್ರಜಿತ್ ವಿಷಯ ಬೇರೆ. ರಾವಣನ ಮಗ ಅನ್ನೋದು ನಿಜ, ಆದರೆ ಆ ಹೆಸರಿನಿಂದ ಯಾರನ್ನೂ ಬೈಯುವುದಿಲ್ಲ. ಎಷ್ಟು ಜನ ಇಂದ್ರಜಿತ್‌ಗಳಿಲ್ಲ! ಅವನದೇ ಇನ್ನೊಂದು ಹೆಸರು ಮೇಘನಾದ. 1893ರಲ್ಲಿ ಹುಟ್ಟಿದ ಖಗೋಳ ವಿಜ್ಞಾನಿ ಮೇಘನಾದ ಸಹಾ ಗೊತ್ತಲ್ಲ. ನಕ್ಷತ್ರಗಳ ಬಗ್ಗೆ ಓದುವವರು ಇವತ್ತಿಗೂ ಸಹಾ ಸಮೀಕರಣ ಕಲಿಯುತ್ತಾರೆ.

ಅಹಲ್ಯಾ ಅಂತ ಯಾರನ್ನಾದರೂ ಬೈದದ್ದು ಕೇಳಿದ್ದೀರಾ? ನಾನಂತೂ ಕೇಳಿಲ್ಲ. ಇಟ್ಟುಬಿಡಿ.

ಗಾಳಿಮಾತು

ಅಭಿಮನ್ಯು ಚಕ್ರವ್ಯೂಹದಲ್ಲಿ ಚಿಕ್ಕ ವಯಸ್ಸಿಗೇ ಸತ್ತ. ಆ ಹೆಸರನ್ನು ಖುಷಿಯಿಂದ ಇಡುತ್ತಾರೆ. ಅಶ್ವತ್ಥಾಮ ಚಿರಂಜೀವಿ. ಮಕ್ಕಳಿಗೆ ಇಡುವವರು ಎಷ್ಟು ಜನ? ಜನರಿಗೆ ಆಯುಸ್ಸಿಗಿಂತ ಒಳ್ಳೆಯ ಹೆಸರೇ ಮುಖ್ಯ ಅನ್ನಿಸುತ್ತದೆ 🙂

ನಾನೇ_ಮೋಹಿನಿ

ನನ್ನ ಹೆಸರು ನಿಜವಾಗಲೂ ಮೋಹಿನಿ. ಹಾಗಾಗಿ ಉತ್ತರ ಕೊಡಲೇಬೇಕು.

ಅಮೃತ ಹಂಚಿದ್ದು ಮೋಹಿನಿ. ಭಸ್ಮಾಸುರನ ಕೈಯನ್ನು ಅವನ ತಲೆ ಮೇಲೇ ಇಡಿಸಿದ್ದು ಮೋಹಿನಿ. ವಿಷ್ಣುವಿನ ರೂಪ ಅದು. ಇದನ್ನೆಲ್ಲ ನಮ್ಮಪ್ಪ ಸಾವಿರ ಸಲ ಹೇಳಿದ್ದಾರೆ. ತರಗತಿಯಲ್ಲಿ ಇದು ಒಂದು ದಿನವೂ ಕೆಲಸಕ್ಕೆ ಬರಲಿಲ್ಲ. ಕರೆಂಟ್ ಹೋದರೆ ಸಾಕು, ಹಿಂದಿನ ಬೆಂಚಿನಿಂದ ಊಳಿಡುತ್ತಿದ್ದರು. ಕೂದಲು ಬಿಟ್ಟುಕೊಂಡು ಹೋದರೆ ಮುಗಿದೇ ಹೋಯಿತು. ಕಾಲೇಜಿನಲ್ಲಿ ಅದು ಇನ್ನೊಂದು ಥರ ಆಯಿತು. ಹೆಸರು ಕೇಳಿದ ಕೆಲವು ಗಂಡಸರು ಒಂದು ನಗು ನಗುತ್ತಾರೆ. ಆ ನಗುವಿಗಿಂತ ದೆವ್ವವೇ ವಾಸಿ.

ಹಾಗಂತ ಹೆಸರು ಬದಲಾಯಿಸಬೇಕು ಅಂತ ಯಾವತ್ತೂ ಅನ್ನಿಸಿಲ್ಲ. ಈಗ ನನಗೆ ಇಷ್ಟ. ಆದರೆ “ಮಕ್ಕಳು ಮರೆತುಬಿಡುತ್ತಾರೆ” ಅನ್ನುವವರ ಮಾತು ನಂಬಬೇಡಿ. ತೊಂದರೆ ಇದೆ. ತಡೆದುಕೊಳ್ಳಬಹುದಾದ ತೊಂದರೆ, ಅಷ್ಟೇ.

ನಾಗವಲ್ಲಿ ಅನ್ನೋದು ಎಷ್ಟು ಚೆಂದದ ಹೆಸರು! 2004ರಲ್ಲಿ ‘ಆಪ್ತಮಿತ್ರ’ ಬಂತು. ಈಗ ಆ ಹೆಸರು ಹೇಳಿದರೆ ಜನ ಮೊದಲು ಬಾಗಿಲ ಕಡೆ ನೋಡುತ್ತಾರೆ.

ಏಳನೇ_ತಿಂಗಳು

ಮೋಹಿನಿ ಅವರೇ, ಇಷ್ಟು ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್. ಆ ನಗುವಿನ ವಿಷಯ ನನಗೆ ಹೊಳೆದೇ ಇರಲಿಲ್ಲ. ಮೋಹಿನಿ ಪಟ್ಟಿಯಿಂದ ಹೋಯಿತು, ಬೇಜಾರು ಮಾಡಿಕೊಳ್ಳಬೇಡಿ.

ನಾನೇ_ಮೋಹಿನಿ

ಬೇಜಾರೇನಿಲ್ಲ. ಇರೋ ಒಬ್ಬಳೇ ಮೋಹಿನಿ ಅನ್ನಿಸಿಕೊಳ್ಳೋಕೆ ನನಗೂ ಖುಷಿ.

ಕೋಡ್_ಬರೆಯುವವ

ಸಿರಿ ಬಗ್ಗೆ ಹೇಳುತ್ತೇನೆ, ನಮ್ಮ ಅಕ್ಕನ ಮಗಳ ಹೆಸರೇ ಅದು. ಇದು ಹಳೆಯ, ಒಳ್ಳೆಯ ಕನ್ನಡದ ಹೆಸರು. ನಾರ್ವೆಯಲ್ಲೂ ಹೆಣ್ಣುಮಕ್ಕಳಿಗೆ ಇದೇ ಹೆಸರಿದೆ. 2011ರ ಅಕ್ಟೋಬರ್‌ನಲ್ಲಿ ಮಾತಿಗೆ ಉತ್ತರ ಕೊಡುವ ಸಹಾಯಕಿಯಾಗಿ ಐಫೋನಿನೊಳಗೆ ಬಂದು ಕೂತಿತು ನೋಡಿ, ಅವತ್ತಿನಿಂದ ಶುರು. ಮೊದಲು “ಹೇ ಸಿರಿ” ಅಂದರೆ ಮಾತ್ರ ಏಳುತ್ತಿತ್ತು. 2023ರ ಐಒಎಸ್ 17ರಿಂದ (ಐಫೋನಿನ ತಂತ್ರಾಂಶ) ಬರೀ “ಸಿರಿ” ಅಂದರೂ ಸಾಕು. ಅಂದರೆ ಅಕ್ಕ ಮಗಳನ್ನು ಕರೆದರೆ ಮೇಜಿನ ಮೇಲಿನ ಫೋನೂ ಓಗೊಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಬಹುದು. ಆದರೆ ನಿಮ್ಮ ಫೋನ್ ಆಫ್ ಮಾಡಬಹುದು, ಪಕ್ಕದವರದ್ದಲ್ಲ.

ಅಮೆಜಾನ್‌ನವರ ಇಂಥದೇ ಸಹಾಯಕಿ ಅಲೆಕ್ಸಾ, ಅದರ ಕಥೆ ಇದಕ್ಕಿಂತ ಕೆಟ್ಟದ್ದು. 2015ರಲ್ಲಿ ಅಮೆರಿಕದಲ್ಲಿ ಆರು ಸಾವಿರಕ್ಕೂ ಜಾಸ್ತಿ ಹೆಣ್ಣುಮಕ್ಕಳಿಗೆ ಆ ಹೆಸರು ಇಟ್ಟಿದ್ದರು. ಐದು ವರ್ಷ ಕಳೆಯುವಷ್ಟರಲ್ಲಿ ಎರಡು ಸಾವಿರಕ್ಕಿಂತ ಕೆಳಗೆ ಬಿತ್ತು. ಕಾರಣ ಊಹಿಸೋದು ಕಷ್ಟವಲ್ಲ. ಮನೆಯಲ್ಲಿ ಎಲ್ಲರೂ ಜೋರು ದನಿಯಲ್ಲಿ “ಅಲೆಕ್ಸಾ, ದೀಪ ಆರಿಸು”, “ಅಲೆಕ್ಸಾ, ನಿಲ್ಲಿಸು” ಅಂತ ಹೇಳುತ್ತಾ ಇರುತ್ತಾರೆ. ಆ ಹೆಸರಿನ ಹುಡುಗಿಗೆ ಸಹಪಾಠಿಗಳು ಅದೇ ದನಿಯಲ್ಲಿ ಕೆಲಸ ಹೇಳುತ್ತಾರೆ. ಇದು ಬೈಗುಳ ಅಲ್ಲ. ಆದರೆ ಆಳಿನ ಹೆಸರಾಗಿಬಿಟ್ಟಿತು. ನೇರಮಾತು ಅವರ ಬೈಗುಳದ ಲೆಕ್ಕಕ್ಕೆ ಇದು ಸಿಗುವುದಿಲ್ಲ, ಗಮನಿಸಿ.

ಸಿರಿಗೆ ಅಷ್ಟು ಏಟು ಬಿದ್ದಿಲ್ಲ ಅನ್ನೋದು ನನ್ನ ಅನಿಸಿಕೆ. ನಮ್ಮಲ್ಲಿ ಸಿರಿ ಅನ್ನೋದು ದಿನಬಳಕೆಯ ಮಾತು. ಸಿರಿತನ, ಸಿರಿಗನ್ನಡ ಅಂತ ದಿನಾ ಕೇಳುತ್ತೇವೆ. ಫೋನು ಬಂದದ್ದು ಮೊನ್ನೆ ಮೊನ್ನೆ.

ಹಳೆಯ_ಪೇಪರ್

ಸುದ್ದಿಯಿಂದ ಕೆಟ್ಟ ಹೆಸರುಗಳ ಬಗ್ಗೆ ಸ್ವಲ್ಪ ಬರೆಯುತ್ತೇನೆ. ಎಲ್ಲವೂ ಒಂದೇ ಥರ ಕೆಡುವುದಿಲ್ಲ.

ಐಸಿಸ್ ಈಜಿಪ್ಟಿನ ದೇವತೆ. 2014ರವರೆಗೂ ಅಮೆರಿಕದ ಮೊದಲ ಸಾವಿರ ಹೆಣ್ಣುಮಕ್ಕಳ ಹೆಸರುಗಳಲ್ಲಿ ಇತ್ತು. ಅದೇ ಅಕ್ಷರಗಳ ಉಗ್ರರ ಗುಂಪು ಸುದ್ದಿಗೆ ಬಂತು. ಮರುವರ್ಷದ ಪಟ್ಟಿಯಲ್ಲಿ ಹೆಸರೇ ಇಲ್ಲ.

ಕಟ್ರಿನಾ ಕೂಡ ಹಾಗೇ, 2005ರ ಚಂಡಮಾರುತದ ನಂತರ ಬಿತ್ತು. ತುಂಬಾ ಹಾನಿ ಮಾಡಿದ ಚಂಡಮಾರುತದ ಹೆಸರನ್ನು ವಿಶ್ವ ಹವಾಮಾನ ಸಂಸ್ಥೆ ಮತ್ತೆ ಬಳಸುವುದಿಲ್ಲ, ಕಟ್ರಿನಾವನ್ನೂ ಪಟ್ಟಿಯಿಂದ ತೆಗೆದರು. ಇದರಲ್ಲಿ ಒಂದು ತಮಾಷೆ ಇದೆ. ಆ ಹೆಸರು ಬಿತ್ತು, ಆದರೆ ‘ಕ್’ ಸದ್ದಿನಿಂದ ಶುರುವಾಗುವ ಬೇರೆ ಹೆಸರುಗಳು ಶೇ. 9ರಷ್ಟು ಹೆಚ್ಚಾದವು ಅಂತ 2012ರ ಒಂದು ಸಂಶೋಧನೆ ತೋರಿಸಿತು. ಪದೇ ಪದೇ ಕಿವಿಗೆ ಬಿದ್ದ ಸದ್ದು ಹಿತವಾಗಿಬಿಡುತ್ತದೆ ಅನ್ನೋದು ಅವರ ವಿವರಣೆ. ನಮ್ಮ ಕಡೆಯ ಚಂಡಮಾರುತಗಳಿಗೂ ಹೆಸರಿತ್ತು. 2008ರದ್ದು ನಿಶಾ, 2010ರದ್ದು ಲೈಲಾ. ಇವತ್ತು ನಿಶಾ ಅಂದರೆ ಯಾರಿಗೆ ಚಂಡಮಾರುತ ನೆನಪಾಗುತ್ತದೆ? ಆ ಹೆಸರಿನವರು ಎಷ್ಟೋ ಜನ ಮೊದಲೇ ಇದ್ದರು. ಒಂದು ಗಾಳಿಗೆ ಅದು ಅಲ್ಲಾಡಲಿಲ್ಲ.

ಇನ್ನು ಅಡಾಲ್ಫ್. ಸ್ಯಾಕ್ಸೋಫೋನ್ ಕಂಡುಹಿಡಿದವನು ಅಡಾಲ್ಫ್ ಸ್ಯಾಕ್ಸ್. ಒಂದು ಕಾಲದಲ್ಲಿ ಜರ್ಮನಿಯಲ್ಲಿ ಮಾಮೂಲಿ ಹೆಸರು. ಈಗ ಅಲ್ಲಿ ಇಡುವವರು ಇಲ್ಲವೇ ಇಲ್ಲ ಅನ್ನಬಹುದು. ಅದೇ ಜೋಸೆಫ್ ನೋಡಿ. ಸ್ಟಾಲಿನ್ ಜೋಸೆಫ್, ಗೊಬೆಲ್ಸ್ ಜೋಸೆಫ್, ಮೆಂಗೆಲೆಯೂ ಜೋಸೆಫ್. ಜೋಸೆಫ್ ಹೆಸರಿಗೆ ಒಂದು ಕಲೆಯೂ ಅಂಟಿಲ್ಲ. ಕೆಟ್ಟದ್ದೆಲ್ಲ ಅವರ ಅಡ್ಡಹೆಸರಿಗೆ ಹೋಯಿತು.

ದೂರ ಹೋದ ಹಾಗೆ ಆ ಕಲೆ ಮಸುಕಾಗುತ್ತದೆ ಅನ್ನೋದೂ ನಿಜ. ಎಂ. ಕೆ. ಸ್ಟಾಲಿನ್ ಹುಟ್ಟಿದ್ದು 1953ರ ಮಾರ್ಚ್ 1. ಸೋವಿಯತ್ ನಾಯಕ ಸತ್ತದ್ದು ಅದೇ ಮಾರ್ಚ್ 5. ಆಗ ತಂದೆ ಮೆಚ್ಚಿ ಇಟ್ಟ ಹೆಸರು ಅದು. ಮೇಘಾಲಯದಲ್ಲಿ ಅಡಾಲ್ಫ್ ಲು ಹಿಟ್ಲರ್ ಮರಾಕ್ ಅನ್ನುವ ರಾಜಕಾರಣಿ ಇದ್ದಾರೆ. ನಮೀಬಿಯಾದಲ್ಲಿ 2020ರ ಸ್ಥಳೀಯ ಚುನಾವಣೆ ಗೆದ್ದವರ ಹೆಸರು ಅಡಾಲ್ಫ್ ಹಿಟ್ಲರ್ ಉನೋನಾ. ಊರಿನವರಿಗೆ ಅದು ಬರೀ ಹೆಸರು. ಜಗತ್ತಿಗೆ ಮಾತ್ರ ಸುದ್ದಿ.

ನೇರಮಾತು

ಹಾಗಾದರೆ ಲೆಕ್ಕ ಸುಲಭ. ಹೆಸರು ಮಾಮೂಲಿ ಆಗಿದ್ದರೆ ಉಳಿಯುತ್ತದೆ, ಅಪರೂಪದ್ದಾಗಿದ್ದರೆ ಒಬ್ಬ ಕೆಟ್ಟವನಿಂದ ಸಾಯುತ್ತದೆ.

ಕೋಡ್_ಬರೆಯುವವ

ಅಷ್ಟು ಸುಲಭ ಅಲ್ಲ. ಅಡಾಲ್ಫ್ ಮಾಮೂಲಿ ಹೆಸರೇ ಆಗಿತ್ತು ಅಂತ ಈಗಷ್ಟೇ ಹೇಳಿದರಲ್ಲ. ಕ್ಯಾರೆನ್ ಇನ್ನೊಂದು. 1965ರಲ್ಲಿ ಅಮೆರಿಕದಲ್ಲಿ ಹೆಣ್ಣುಮಕ್ಕಳ ಹೆಸರುಗಳಲ್ಲಿ ಮೂರನೇ ಸ್ಥಾನದಲ್ಲಿತ್ತು. 2020ರ ಹೊತ್ತಿಗೆ ಜಗಳಗಂಟಿ ಹೆಂಗಸಿಗೆ ಅಡ್ಡಹೆಸರಾಯಿತು. ಯಾವ ಒಬ್ಬ ಕೆಟ್ಟ ಕ್ಯಾರೆನ್ ಕೂಡ ಅದಕ್ಕೆ ಕಾರಣ ಅಲ್ಲ.

ಹಳೆಯ_ಪೇಪರ್

ಕ್ಯಾರೆನ್ ಆಗಲೇ ಹಳೇ ಕಾಲದ ಹೆಸರಾಗಿತ್ತು. ಹೊಸ ಮಕ್ಕಳಿಗೆ ಇಡುವುದು ಎಷ್ಟೋ ವರ್ಷಗಳಿಂದ ಕಡಿಮೆಯಾಗುತ್ತಾ ಬಂದಿತ್ತು. ಒಂದು ವಯಸ್ಸಿನವರಿಗೆ ಮಾತ್ರ ಇರುವ ಹೆಸರು ಅಂತಾದ ಮೇಲೇ ಅದನ್ನು ಆ ವಯಸ್ಸಿನವರನ್ನು ಗೇಲಿ ಮಾಡೋಕೆ ಬಳಸಿದ್ದು. ನಮ್ಮ ಜೋಕುಗಳ ಗುಂಡನೂ ಹಾಗೇ. ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಕೊಡುವವನು ಯಾವಾಗಲೂ ಗುಂಡನೇ. ಯಾವ ನಿಜವಾದ ಗುಂಡ ಏನು ತಪ್ಪು ಮಾಡಿದ್ದ ಹೇಳಿ?

ಬಳಪ_ಹಿಡಿದವಳು

ನಾನು ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಮಕ್ಕಳು ಪುರಾಣ ನೋಡುವುದಿಲ್ಲ, ಪ್ರಾಸ ನೋಡುತ್ತಾರೆ. ಗಿರೀಶ ಗಿರಗಟ್ಲೆ ಆಗುತ್ತಾನೆ. ಅದನ್ನು ಯಾರೂ ತಡೆಯೋಕೆ ಆಗಲ್ಲ, ಹೆದರುವುದೂ ಬೇಡ. ವಾರ ಹತ್ತು ದಿನ ಇರುತ್ತದೆ, ಆಮೇಲೆ ಹೊಸ ಬಲಿ ಸಿಗುತ್ತದೆ. ಮೋಹಿನಿ ಅವರದು ಬೇರೆ ಥರ, ಅದು ಸಿನಿಮಾ, ಕಥೆ ಎಲ್ಲದರಿಂದಲೂ ಮತ್ತೆ ಮತ್ತೆ ಬರುತ್ತಾ ಇರುತ್ತದೆ. ಹಾಗೆ ಹೊರಗಿನಿಂದ ಗೊಬ್ಬರ ಸಿಗುವ ಗೇಲಿಗೆ ಆಯುಸ್ಸು ಜಾಸ್ತಿ.

ನಾನು ಹೇಳಬೇಕು ಅಂತಿರೋದು ಇಂಗ್ಲಿಷ್ ಅಕ್ಷರಗಳ ಬಗ್ಗೆ. ಹರ್ಷಿತ್, ರಕ್ಷಿತ್, ದೀಕ್ಷಿತ್ ಎಲ್ಲ ಒಳ್ಳೆಯ ಹೆಸರುಗಳೇ. ಇಂಗ್ಲಿಷ್‌ನಲ್ಲಿ ಬರೆದು ಕೊನೆಯ ನಾಲ್ಕು ಅಕ್ಷರ ಮುಚ್ಚಿ ನೋಡಿ, ಆಮೇಲೆ ಅವನ್ನು ಮಾತ್ರ ಓದಿ. ಮಕ್ಕಳು ಮೂರನೇ ಕ್ಲಾಸಿಗೇ ಕಂಡುಹಿಡಿದಿರುತ್ತಾರೆ. ಕೊನೆಗೆ ಒಂದು ‘ಎಚ್’ ಸೇರಿಸಿದರೂ ಆ ನಾಲ್ಕು ಅಕ್ಷರ ಹಾಗೇ ಉಳಿಯುತ್ತವೆ, ಸ್ವಲ್ಪ ಮರೆಯಾಗುತ್ತವೆ ಅಷ್ಟೇ. ಅನಲ ಅಂದರೆ ಬೆಂಕಿ. ಅದನ್ನು ಇಂಗ್ಲಿಷ್‌ನಲ್ಲಿ ಬರೆದು ಹೊರದೇಶಕ್ಕೆ ಕಳಿಸುವ ಮೊದಲು ಎರಡು ಸಲ ಯೋಚಿಸಿ.

ಇನಿಷಿಯಲ್ ಕೂಡ ನೋಡಿ. ಅಪ್ಪನ ಹೆಸರಿನ ಅಕ್ಷರ, ಮನೆತನದ ಅಕ್ಷರ, ಮಗುವಿನ ಅಕ್ಷರ ಮೂರೂ ಸೇರಿ ಪಿ.ಐ.ಜಿ. ಆದ ಹುಡುಗ ನನ್ನ ಕ್ಲಾಸಿನಲ್ಲಿ ಇದ್ದ. ಹಾಜರಿ ಪುಸ್ತಕದಲ್ಲಿ ನಾನು ಪೂರ್ತಿ ಹೆಸರು ಬರೆದುಕೊಂಡೆ.

ಕಾಗುಣಿತ ತಪ್ಪಿದರೆ ಅರ್ಥವೂ ಹೋಗುತ್ತದೆ. ಆರತಿ ಅಂದರೆ ಎಲ್ಲರಿಗೂ ಗೊತ್ತು. ಇಂಗ್ಲಿಷ್ ನೋಡಿ ಮತ್ತೆ ಕನ್ನಡಕ್ಕೆ ತಂದಾಗ ಅದು ಆರ್ತಿ ಆಗುತ್ತದೆ. ಆರ್ತಿ ಅಂದರೆ ಸಂಕಟ. ಪಾಪ ಆ ಮಗುವಿಗೆ ಯಾಕೆ ಸಂಕಟ?

ಯಾಕಂತ_ಹೇಳಲ್ಲ

ನಮ್ಮ ಮನೆಯಲ್ಲಿ ರಶ್ಮಿ ಅನ್ನುವ ಹೆಸರು ಬೇಡ ಅಂತ ಗಂಡ ಹಟ ಹಿಡಿದರು. ಯಾಕೆ ಅಂದರೆ “ಸುಮ್ನೆ ಇಷ್ಟ ಇಲ್ಲ”. ಹತ್ತು ಸಲ ಕೇಳಿದೆ, ಹತ್ತು ಸಲವೂ “ಸುಮ್ನೆ”. ಆಮೇಲೆ ಅವರ ಕಾಲೇಜಿನ ಗುಂಪು ಫೋಟೋ ಹಿಂದೆ ಬರೆದ ಹೆಸರುಗಳನ್ನು ಓದಿದೆ. ನಾನೂ ಏನೂ ಕೇಳಲಿಲ್ಲ. ಮಗಳ ಹೆಸರು ಬೇರೆ ಇಟ್ಟೆವು.

ಗಾಳಿಮಾತು

ಈ ಚರ್ಚೆಯಲ್ಲೇ ಅತಿ ಒಳ್ಳೆಯ ಉತ್ತರ ಇದು 😀

ನೇರಮಾತು

ನಗಬೇಡಿ, ಇದರಲ್ಲಿ ವಿಷಯ ಇದೆ. ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಹೆಸರು ಕೇಳಿದರೇ ಮುಳ್ಳು ಚುಚ್ಚಿದ ಹಾಗೆ ಆದರೆ ಬಿಟ್ಟುಬಿಡಬೇಕು. ಅಲ್ಲಿ ವಾದ ಮಾಡಬಾರದು. ಅತ್ತೆ, ಮಾವ, ಮೈದುನ, ಚಿಕ್ಕಮ್ಮ ಇವರಿಗೆಲ್ಲ ಆ ಹಕ್ಕು ಇಲ್ಲ. ಅವರು ಅಭಿಪ್ರಾಯ ಹೇಳಬಹುದು. ದಿನಕ್ಕೆ ನೂರು ಸಲ ಕರೆಯುವವರು ಅಪ್ಪ ಅಮ್ಮ.

ಬೇಲಿ_ಹೂ

ಇಲ್ಲಿ ಬರೆಯಲೋ ಬೇಡವೋ ಅಂತ ತುಂಬಾ ಹೊತ್ತು ಯೋಚಿಸಿದೆ.

ನನಗಿಂತ ಮೊದಲು ನಮ್ಮಮ್ಮನಿಗೆ ಒಂದು ಹೆಣ್ಣು ಮಗು ಆಗಿ ತೀರಿಕೊಂಡಿತ್ತು. ಅದೇ ಹೆಸರನ್ನು ನನಗೆ ಇಟ್ಟರು. ಪ್ರೀತಿಯಿಂದಲೇ ಇಟ್ಟದ್ದು, ಅದರಲ್ಲಿ ಅನುಮಾನ ಇಲ್ಲ. ಆದರೆ ಚಿಕ್ಕವಳಿದ್ದಾಗ ಅಜ್ಜಿ ನನ್ನನ್ನು ಕರೆದು, ನಾನು ಓಡಿಹೋಗಿ ಎದುರಿಗೆ ನಿಂತರೆ, ಒಂದು ಕ್ಷಣ ಬೇರೆ ಯಾರನ್ನೋ ನೋಡಿದ ಹಾಗೆ ನೋಡುತ್ತಿದ್ದರು. ಆಗ ಅರ್ಥ ಆಗುತ್ತಿರಲಿಲ್ಲ. ಹೆಸರಿಗೆ ಪುರಾಣ ಬೇಡ, ಸುದ್ದಿ ಬೇಡ, ಮನೆಯ ಒಳಗಿನ ದುಃಖವೇ ಸಾಕು.

ಇದು ನನ್ನೊಬ್ಬಳ ಕಥೆ ಅಲ್ಲ ಅಂತ ಆಮೇಲೆ ತಿಳಿಯಿತು. ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋ ಹುಟ್ಟಿದ್ದು 1853ರ ಮಾರ್ಚ್ 30ರಂದು. ಸರಿಯಾಗಿ ಒಂದು ವರ್ಷದ ಹಿಂದೆ ಅದೇ ದಿನ ಅವನ ತಾಯಿಗೆ ಸತ್ತು ಹುಟ್ಟಿದ ಮಗುವಿಗೂ ವಿನ್ಸೆಂಟ್ ಅಂತಲೇ ಹೆಸರಿಟ್ಟಿದ್ದರು. ಸಾಲ್ವಡಾರ್ ಡಾಲಿಯದೂ ಅದೇ. 1903ರಲ್ಲಿ ತೀರಿಕೊಂಡ ಅಣ್ಣನ ಹೆಸರನ್ನೇ 1904ರಲ್ಲಿ ಹುಟ್ಟಿದ ತಮ್ಮನಿಗೆ ಇಟ್ಟರು.

ಹೋದವರ ಹೆಸರು ಇಡಬೇಡಿ ಅಂತ ನಾನು ಹೇಳುತ್ತಿಲ್ಲ. ತುಂಬು ಬದುಕು ಬಾಳಿ ಹೋದ ಅಜ್ಜಿಯ ಹೆಸರು ಬೇರೆ, ಬದುಕೋಕೇ ಸಿಗದ ಮಗುವಿನ ಹೆಸರು ಬೇರೆ.

ಏಳನೇ_ತಿಂಗಳು

ಬೇಲಿ ಹೂ ಅವರೇ, ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ಬರೆದದ್ದು ಒಳ್ಳೆಯದಾಯಿತು.

ಸುಮ್ನೆ_ಕೇಳ್ದೆ

ಇಷ್ಟೆಲ್ಲ ತಲೆಬಿಸಿ ಯಾಕೆ? ಸರ್ಕಾರವೇ ಒಂದು ಪಟ್ಟಿ ಮಾಡಿ ಕೆಟ್ಟ ಹೆಸರು ಇಡಬಾರದು ಅಂತ ಹೇಳಿದರೆ ಆಗದಾ?

ಹಳೆಯ_ಪೇಪರ್

ಕೆಲವು ದೇಶಗಳು ಮಾಡಿವೆ. ಐಸ್‌ಲ್ಯಾಂಡಿನಲ್ಲಿ 1991ರಿಂದ ಹೆಸರುಗಳ ಸಮಿತಿಯೇ ಇದೆ. ಪಟ್ಟಿಯಲ್ಲಿ ಇಲ್ಲದ ಹೊಸ ಹೆಸರಿಗೆ ಅದರ ಒಪ್ಪಿಗೆ ಬೇಕು. ಜಪಾನಿನಲ್ಲಿ 1993ರಲ್ಲಿ ಒಬ್ಬ ತಂದೆ ಮಗನಿಗೆ ‘ಅಕುಮ’ ಅಂತ ಇಡೋಕೆ ಹೊರಟ. ಅಂದರೆ ಸೈತಾನ. ಅಧಿಕಾರಿಗಳು ಒಪ್ಪಲಿಲ್ಲ, ದೊಡ್ಡ ಗಲಾಟೆ ಆಯಿತು. ಫ್ರಾನ್ಸಿನಲ್ಲಿ ನುಟೆಲ್ಲಾ ಅಂತ ಇಟ್ಟ ಹೆಸರನ್ನು ನ್ಯಾಯಾಲಯ ಎಲ್ಲಾ ಅಂತ ಮಾಡಿತು. ನ್ಯೂಜಿಲೆಂಡಿನಲ್ಲಿ 2008ರಲ್ಲಿ ಹೊರಬಂದ ಒಂದು ಪ್ರಕರಣದಲ್ಲಿ ಮಗುವಿನ ಹೆಸರು ಒಂದು ಪೂರ್ತಿ ವಾಕ್ಯವಾಗಿತ್ತು. ಹವಾಯಿಯ ಕುಣಿತ ಅದರಲ್ಲಿ ಇತ್ತು. ಆಗ ಹುಡುಗಿಗೆ ಒಂಬತ್ತು ವರ್ಷ. ನಾಚಿಕೆಯಿಂದ ಗೆಳತಿಯರಿಗೂ ತನ್ನ ಹೆಸರು ಹೇಳಿರಲಿಲ್ಲ. ಹೆಸರು ಬದಲಾಗಲಿ ಅಂತ ನ್ಯಾಯಾಧೀಶರು ಅವಳನ್ನು ನ್ಯಾಯಾಲಯದ ರಕ್ಷಣೆಗೆ ತೆಗೆದುಕೊಂಡರು.

ಆದರೆ ಕಾನೂನು ಸೈತಾನನನ್ನು ತಡೆಯಬಹುದು, ರಶ್ಮಿಯನ್ನು ತಡೆಯೋಕೆ ಆಗಲ್ಲ. ಈ ಚರ್ಚೆಯಲ್ಲಿ ಬಂದ ಹೆಸರುಗಳಲ್ಲಿ ಮುಕ್ಕಾಲು ಪಾಲು ಯಾವ ಸಮಿತಿಯೂ ಬೇಡ ಅನ್ನದ ಹೆಸರುಗಳು.

ಗಾಳಿಮಾತು

ಅಹಲ್ಯಾ ಏನಾಯಿತು?

ಏಳನೇ_ತಿಂಗಳು

ನಿನ್ನೆ ಅತ್ತೆಯವರಿಗೆ ಹಳೇ ಓದುಗರು ಹೇಳಿದ ಬಾಲಕಾಂಡದ ಮಾತು ಹೇಳಿದೆ. “ರಾಮನೇ ಕಾಲು ಮುಟ್ಟಿದನಾ? ಯಾವ ಪುಸ್ತಕದಲ್ಲಿದೆ ತೋರಿಸು” ಅಂದರು. ತೋರಿಸಿದೆ. ಓದಿದರು, ಏನೂ ಹೇಳಲಿಲ್ಲ. ಬೇಡ ಅಂತ ಮಾತ್ರ ಹೇಳಲಿಲ್ಲ, ಅದೇ ದೊಡ್ಡದು. ಅಹಲ್ಯಾಬಾಯಿ ಹೋಳ್ಕರ್ ಹೆಸರನ್ನೂ ಹೇಳಿದೆ. 1767ರಿಂದ 1795ರವರೆಗೆ ರಾಜ್ಯ ಆಳಿದವರು, ಕಾಶಿ ವಿಶ್ವನಾಥನ ಗುಡಿ ಮತ್ತೆ ಕಟ್ಟಿಸಿದವರು ಅಂತ. ಮಾವನವರಿಗೆ ಅದು ಹಿಡಿಸಿತು. ಯಜಮಾನರಿಗೆ ಮೊದಲಿನಿಂದಲೂ ಅಭ್ಯಂತರ ಇರಲಿಲ್ಲ, ಅವರದು ಬರೀ ಫೋನ್ ತಮಾಷೆ.

ಹೆಣ್ಣಾದರೆ ಅಹಲ್ಯಾ. ಗಂಡಾದರೆ ಇಂದ್ರಜಿತ್, ಅದರ ಮೇಲೆ ಇನ್ನೂ ಜಗಳ ನಡೆಯುತ್ತಿದೆ.

ಬಳಪ_ಹಿಡಿದವಳು

ಇಂಗ್ಲಿಷ್‌ನಲ್ಲಿ ಹೇಗೆ ಬರೆಯುತ್ತೀರಿ ಅಂತ ಇವತ್ತೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಒಪ್ಪಿಕೊಳ್ಳಿ. ಅಹಲ್ಯಾ, ಅಹಿಲ್ಯಾ ಎರಡೂ ಚಲಾವಣೆಯಲ್ಲಿವೆ, ಕೊನೆಗೆ ಒಂದು ‘ಎ’ ಹಾಕುವವರೂ ಇದ್ದಾರೆ, ಎರಡು ಹಾಕುವವರೂ ಇದ್ದಾರೆ. ಆಸ್ಪತ್ರೆಯಲ್ಲಿ ಫಾರಂ ತುಂಬುವವರು ತಮಗೆ ತೋಚಿದ ಹಾಗೆ ಬರೆದುಬಿಡುತ್ತಾರೆ. ಆಮೇಲೆ ಅದನ್ನು ಸರಿ ಮಾಡಿಸೋಕೆ ಅಲೆಯುವ ಅಪ್ಪ ಅಮ್ಮಂದಿರನ್ನು ನಾನು ಪ್ರತಿ ವರ್ಷ ದಾಖಲಾತಿ ಸಮಯದಲ್ಲಿ ನೋಡುತ್ತೇನೆ.